ಮದುವೆಗಳ ಸ್ಥಳಾಂತರ

ಮಾನ್ವಿ, ಸಿರವಾರ, ದೇವದುರ್ಗ ಈ ಮೂರೂ ಕಡೆ ಯಾರ ಮದುವೆಯಾದರೂ ಅಲ್ಲಿ ಅಂಬರೀಶನ ಕ್ಯಾಮೆರಾ ಇರಲೇಬೇಕು ಎಂಬ ಮಾತು ಪೂರ್ತಿ ನಿಜವಲ್ಲ. ಆ ಮಾತನ್ನು ಹೆಚ್ಚಾಗಿ ಹೇಳುತ್ತಿದ್ದವನು ಅಂಬರೀಶನೇ. ಆದರೂ ಮಾನ್ವಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಅನ್ವರಿ ಬೇಗಮರ ಹೊಲಿಗೆ ಅಂಗಡಿಗೆ ಬೆನ್ನು ಹಚ್ಚಿಕೊಂಡು ನಿಂತ ಅವನ ವಿಡಿಯೋ ಸ್ಟುಡಿಯೋದಲ್ಲಿ ಸುತ್ತಲಿನ ಊರುಗಳ ನೂರಾರು ಮದುವೆಗಳು ಕೂಡಿಬಿದ್ದಿದ್ದವು. ಅವೆಲ್ಲ ಇದ್ದದ್ದು ಒಂದು ಕರಿ ಪೆಟ್ಟಿಗೆಯೊಳಗೆ. ರಾಯಚೂರಿನಲ್ಲಿ ಬಾಗಿಲು ಮುಚ್ಚಿದ ಯಾವುದೋ ಆಫೀಸಿನಿಂದ ಬಂದ ಆ ಪೆಟ್ಟಿಗೆಯ ಹೊಟ್ಟೆಯಲ್ಲಿ ನಾಲ್ಕು ಡಿಸ್ಕುಗಳಿದ್ದವು. ನಾಲ್ಕೂ ಸೇರಿ ಒಂದೇ ದೊಡ್ಡ ಡಿಸ್ಕು ಅನ್ನಿಸುವ ಹಾಗೆ ಹಿಂದಿನವರು ಅವನ್ನು ಜೋಡಿಸಿಟ್ಟಿದ್ದರು. ಆ ಜೋಡಣೆ ಏನು, ಎತ್ತ ಎಂದು ಅಂಬರೀಶ ಕೇಳಿದವನಲ್ಲ. ಶುಕ್ರವಾರಕ್ಕೊಮ್ಮೆ ಪೆಟ್ಟಿಗೆಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದ. ಅವನ ಮಟ್ಟಿಗೆ ಕಂಪ್ಯೂಟರಿನ ನಿರ್ವಹಣೆ ಅಂದರೆ ಅಷ್ಟೇ.

ಇಷ್ಟು ಮದುವೆಗಳ ನಡುವೆ ಒಂದು ಮಾತ್ರ ಕತ್ತರಿ ಕಾಣದೆ, ಹಾಡು ಕಾಣದೆ, ತೆಗೆದದ್ದು ತೆಗೆದ ಹಾಗೇ ಬಿದ್ದಿತ್ತು. ಅದು ಅಂಬರೀಶನ ಸ್ವಂತ ಮದುವೆ. ಹೆಂಡತಿ ನಾಗವೇಣಿ ಕೇಳಿದಾಗಲೆಲ್ಲ ಸೀಸನ್ ಮುಗಿಯಲಿ ಅನ್ನುತ್ತಿದ್ದ. ಸೀಸನ್ ಮುಗಿದ ಮೇಲೆ ಮಳೆ ಹಿಡಿಯಲಿ ಅನ್ನುತ್ತಿದ್ದ. ಮಾನ್ವಿಯಲ್ಲಿ ಮಳೆ ಹಿಡಿಯುವುದು ಯಾರ ಕೈಯಲ್ಲಿದೆ? ಹೀಗೆ ಆರು ವರ್ಷ ದಾಟಿದ್ದವು.

ನಾಗವೇಣಿಗಿಂತ ಹೆಚ್ಚಾಗಿ ಆ ವಿಡಿಯೋಕ್ಕೆ ಕಾದು ಕುಳಿತವಳು ಅವಳ ತಾಯಿ ಕರೆಮ್ಮ. ಮದುವೆ ನಡೆದದ್ದು ದೇವದುರ್ಗದ ಕಡೆಯ ಅರಕೇರಾದಲ್ಲಿ, ಕರೆಮ್ಮನ ಮನೆಯ ಮುಂದೆಯೇ. ಅಡಿಗೆಯವನು ಬೆಳಗ್ಗೆಯೇ ಕುಡಿದು ಕಟ್ಟಿಗೆಯ ರಾಶಿಯ ಹಿಂದೆ ಮಲಗಿಬಿಟ್ಟ. ಕರೆಮ್ಮ ಸೆರಗು ಸಿಕ್ಕಿಸಿಕೊಂಡು ಹಂಡೆಯ ಮುಂದೆ ನಿಂತಳು. ಗಟ್ಟಿಮೇಳ ಬಿದ್ದದ್ದನ್ನು ಸೌಟು ಹಿಡಿದು ಕಿವಿಯಿಂದ ಕೇಳಿದಳೇ ಹೊರತು ಒಬ್ಬಳೇ ಮಗಳಿಗೆ ತಾಳಿ ಕಟ್ಟಿದ್ದನ್ನು ಕಣ್ಣಿಂದ ನೋಡಲಿಲ್ಲ. ಮಗಳ ಮನೆಗೆ ಬಂದಾಗಲೆಲ್ಲ ಈ ಸಂಗತಿಯನ್ನು ಮೊದಲ ಸಲ ಹೇಳುವವಳ ಹಾಗೆ ಹೇಳುತ್ತಿದ್ದಳು. ಅದರಲ್ಲಿ ದೂರು ಇರುತ್ತಿರಲಿಲ್ಲ. ಅದಕ್ಕೇ ಅಳಿಯನಿಗೆ ಅದು ಚುಚ್ಚುತ್ತಿತ್ತು.

ಏಪ್ರಿಲ್ ತಿಂಗಳಲ್ಲಿ ಪೆಟ್ಟಿಗೆಯೊಳಗಿಂದ ಅಡಿಕೆ ಕತ್ತರಿಸುವಂಥ ಸಪ್ಪಳ ಶುರುವಾಯಿತು. ಅಂಬರೀಶನ ಚಿಕ್ಕಪ್ಪನ ಮಗಳು ಸಂಘಮಿತ್ರಾ ರಾಯಚೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಜಯಂತಿಯ ಮೆರವಣಿಗೆಗೆಂದು ಮಾನ್ವಿಗೆ ಬಂದಿದ್ದಳು. ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದಳು.

"ಅಣ್ಣಾ, ಈ ಹಳೇ ಜೋಡಣಿಯಾಗ ನಾಕರಾಗ ಒಂದು ಹೋತಂದ್ರ ನಾಕೂ ಹೋದಂಗ. ಮೂರು ಹೊಸಾ ಡಿಸ್ಕ್ ಹಾಕಿ, ಹೊಸಾ ವ್ಯವಸ್ಥಾಕ್ಕ ಸಾಗಿಸಬೇಕು. ಅದರಾಗ ಒಂದು ಕೆಟ್ರ ಉಳಿದ ಎರಡು ಸೇರಿ ಕೆಟ್ಟಿದ್ದನ್ನ ತುಂಬಿ ಕೊಡ್ತಾವ. ರಜಾದಾಗ ನಾನೇ ಬಂದು ಮಾಡ್ತೀನಿ."

ಈ ಮಾತು ಅನ್ವರಿ ಬೇಗಮರ ಎದುರಿಗೇ ಬಂದದ್ದು ತಪ್ಪಾಯಿತು. ಬೇಗಮರು ಹೊಲಿಗೆ ಯಂತ್ರ ತುಳಿಯುತ್ತಿದ್ದ ಕಾಲು ನಿಲ್ಲಿಸಿ, ಹುಡುಗಿ ಬಲು ಶಾಣ್ಯಾಕಿ ಎಂದು ಹೊಗಳಿದರು. ಬೇಗಮರು ಅವನ ಅಂಗಡಿಯ ಮಾಲಕಿ; ಅವನ ಬಗ್ಗೆ ಅಂಥ ಮಾತು ಅವರ ಬಾಯಿಂದ ಎಂದೂ ಬಂದಿರಲಿಲ್ಲ. ಅಂಬರೀಶ ಕೂಡಲೇ, ರಜದವರೆಗೆ ಕಾಯುವುದು ಬೇಡ, ಡಿಸ್ಕುಗಳನ್ನು ಕೂಡಿಸಿ ಹೋಗು, ಸಾಗಿಸುವ ಕೆಲಸ ತಾನೇ ಮಾಡುತ್ತೇನೆ, ಏನಾದರೂ ಬಂದರೆ ಫೋನಿನಲ್ಲಿ ಕೇಳುತ್ತೇನೆ ಎಂದ. ಸಂಘಮಿತ್ರಾ ಅಣ್ಣನ ಮುಖ ನೋಡಿದಳು, ಬೇಗಮರ ಮುಖ ನೋಡಿದಳು, ಹೊಸ ಡಿಸ್ಕುಗಳನ್ನು ತರಿಸಿ, ಕೂಡಿಸಿ ಬಸ್ಸು ಹತ್ತಿದಳು.

ಕೆಲಸ ಶುರು ಮಾಡುವ ಮೊದಲು ಅಂಬರೀಶ ಒಂದು ಫಲಕ ಬರೆಸಿದ. ಫಲಕವಿಲ್ಲದೆ ಮಾಡಿದ ಕೆಲಸ ಕೆಲಸವೇ ಅಲ್ಲ ಎಂಬುದು ಅವನ ನಂಬಿಕೆ. "ನಮ್ಮಲ್ಲಿರುವ ಎಲ್ಲಾ ಮದುವೆಗಳನ್ನು ಹೊಸ ವ್ಯವಸ್ಥೆಗೆ ಸ್ಥಳಾಂತರಿಸಲಾಗುತ್ತಿದೆ. ಸಾರ್ವಜನಿಕರು ಸಹಕರಿಸಬೇಕು." ನೀಲಿ ಬಣ್ಣ, ಹಳದಿ ಅಕ್ಷರ.

ಸಾರ್ವಜನಿಕರು ಸಹಕರಿಸಲು ಮರುದಿನವೇ ಬಂದರು.

ಮೊದಲು ಬಂದವನು ಪೋತ್ನಾಳದ ರಾಮಣ್ಣ. ಅವನ ಮಗ ಜಗದೀಶನ ಮದುವೆ ಅಂಬರೀಶನ ಪೆಟ್ಟಿಗೆಯಲ್ಲಿತ್ತು. ಮದುವೆ ಸಾಗಿಸುವಾಗ ಮನೆಯವರು ಯಾರಾದರೂ ಇರಬೇಕಲ್ಲವೇ, ಬರೀ ಕೈಯಲ್ಲಿ ಹೇಗೆ ಕಳಿಸುವುದು ಎಂದು ಅವನು ತೆಂಗಿನಕಾಯಿ, ಎಲೆ ಅಡಿಕೆ ತಂದಿದ್ದ. ಅಂಬರೀಶನಿಗೆ ಇಷ್ಟು ಗೌರವದ ಗಿರಾಕಿ ಸಿಕ್ಕಿದ್ದೇ ಇಲ್ಲ. ಅವನು ವಿವರಿಸಲು ಕುಳಿತ. ಬುತ್ತಿಯಿಂದ ಒಂದು ಜೋಳದ ರೊಟ್ಟಿ ತೆಗೆದು ಮೂರು ತುಂಡು ಮಾಡಿದ. ಒಂದನ್ನು ಸ್ಟೂಲಿನ ಮೇಲೆ, ಒಂದನ್ನು ಕ್ಯಾಮೆರಾ ಚೀಲದ ಮೇಲೆ, ಒಂದನ್ನು ರಾಮಣ್ಣನ ಕೈಯಲ್ಲಿ ಇಟ್ಟ. ಹಳೆಯದರಲ್ಲಿ ರೊಟ್ಟಿ ಇಡಿಯಾಗಿ ಒಂದೇ ಕಡೆ ಇರುತ್ತಿತ್ತು, ಹೊಸದರಲ್ಲಿ ಹೀಗೆ ಹಂಚಿ ಹೋಗುತ್ತದೆ, ಅದೇ ಇದರ ಗಟ್ಟಿತನ ಎಂದ.

ರಾಮಣ್ಣ ಕೈಯಲ್ಲಿದ್ದ ತುಂಡನ್ನು ಬಹಳ ಹೊತ್ತು ನೋಡಿದ.

"ಅಂದ್ರ ನಮ್ಮ ಮಲ್ಲಿಕಾ ಯಾವ ಡಿಸ್ಕಿನ್ಯಾಗ ಅದಾಳ?"

"ಮೂರರಾಗೂ ಒಂದೊಂದೀಟು ಅದಾಳ, ಕಾಕಾ."

"ಮತ್ತ ಜಗದೀಶ?"

"ಅವನೂ ಹಂಗ."

ರಾಮಣ್ಣ ರೊಟ್ಟಿಯ ತುಂಡನ್ನು ಮೆಲ್ಲಗೆ ಸ್ಟೂಲಿನ ಮೇಲಿಟ್ಟ. ಅವನ ಸೊಸೆ ಮಲ್ಲಿಕಾ ಗಂಡನ ಮೇಲೆ ಮುನಿಸಿಕೊಂಡು ಸಿರವಾರದ ತವರಿಗೆ ಹೋಗಿ ತಿಂಗಳಾಗುತ್ತ ಬಂದಿತ್ತು. ಯಾಕೆ ಹೋದಳು ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಈಗ ರಾಮಣ್ಣನಿಗೆ ತಿಳಿಯಿತು. ಮಲ್ಲಿಕಾ ಹೋದದ್ದು ತಿಂಗಳ ಹಿಂದೆ, ಡಿಸ್ಕು ಬಂದದ್ದು ನಿನ್ನೆ ಎಂದು ಅಂಬರೀಶ ಹೇಳಿ ನೋಡಿದ. ಅಂಥವೆಲ್ಲ ಮೊದಲೇ ತೋರುತ್ತವೆ ಎಂದು ರಾಮಣ್ಣ ಆ ಮಾತನ್ನು ತಳ್ಳಿಹಾಕಿದ. ಗಂಡ ಹೆಂಡತಿಯನ್ನು ಒಂದೇ ಡಿಸ್ಕಿನಲ್ಲಿ ಇಡಿಯಾಗಿ ಇಡು, ಅಲ್ಲಿಯವರೆಗೆ ಏಳುವುದಿಲ್ಲ ಎಂದು ಕುಳಿತ. ಹೊಸ ವ್ಯವಸ್ಥೆಯಲ್ಲಿ ಅದು ಆಗುವ ಕೆಲಸವಲ್ಲ. ಅಂಬರೀಶ ಎರಡು ಗುಂಡಿ ಒತ್ತಿ, ಆಯಿತು ನೋಡು ಕಾಕಾ, ಇಡಿಯಾಗಿ ಇಟ್ಟೆ ಎಂದುಬಿಟ್ಟ.

ಅದೇ ಸಂಜೆ ಜಗದೀಶ ಸಿರವಾರಕ್ಕೆ ಹೋಗಿ ಅತ್ತೆಯ ಮನೆಯ ಕಟ್ಟೆಯ ಮೇಲೆ ಕುಳಿತು ಮಲ್ಲಿಕಾಳನ್ನು ಕರೆದುಕೊಂಡು ಬಂದ. ಅವನು ಏನು ಹೇಳಿ ಕರೆತಂದನೋ, ಆ ಶ್ರಮದಲ್ಲಿ ಒಂದು ಪಾಲೂ ಅವನ ಲೆಕ್ಕಕ್ಕೆ ಬರಲಿಲ್ಲ. ಪೋತ್ನಾಳದಲ್ಲಿ ಬೆಳಗಾಗುವುದರೊಳಗೆ ಎಲ್ಲರಿಗೂ ಗೊತ್ತಾದದ್ದು ಒಂದೇ: ಮಾನ್ವಿಯ ಅಂಬರೀಶ ಕಂಪ್ಯೂಟರಿನಲ್ಲಿ ಗಂಡ ಹೆಂಡತಿಯನ್ನು ಕೂಡಿಸಿ ಕೊಟ್ಟ.

ಅಲ್ಲಿಂದ ಮುಂದೆ ಸ್ಟುಡಿಯೋದ ಮುಂದೆ ಸಾಲು ನಿಂತಿತು. ಮಾತು ಬಿಟ್ಟವರು, ಮಾತು ಹೆಚ್ಚಾದವರು, ಏನೂ ಆಗದಿದ್ದರೂ ಮುಂದೆ ಆಗದಿರಲಿ ಎನ್ನುವವರು, ಎಲ್ಲರೂ ಬಂದರು. ಒಬ್ಬ, ತನ್ನ ಮದುವೆಯನ್ನು ದಾಯಾದಿಯ ಮದುವೆಯ ಪಕ್ಕದಲ್ಲಿ ಇಡಬಾರದು, ಹೊಲದ ಬದುವಿನ ಜಗಳ ಇನ್ನೂ ಕೋರ್ಟಿನಲ್ಲಿದೆ ಎಂದ. ಅನ್ವರಿ ಬೇಗಮರು ಬಂದ ಹೆಂಗಸರನ್ನೆಲ್ಲ ತಮ್ಮ ಅಂಗಡಿಯಲ್ಲಿ ಕೂರಿಸಿ, ಹೇಗೂ ಕಾಯುತ್ತೀರಲ್ಲ ಎಂದು ಜಂಪರಿನ ಅಳತೆ ತೆಗೆದುಕೊಂಡರು.

ಸುದ್ದಿ ಸರಕಾರದ ಕಿವಿಗೂ ಬಿತ್ತು. ನೋಂದಣಿ ಕಚೇರಿಯ ತಿರುಪತಿ ಎಂಬ ಗುಮಾಸ್ತ ಫಲಕದ ಫೋಟೋ ಹೊಡೆದುಕೊಂಡು ಒಳಗೆ ಬಂದ. ಮದುವೆ ನೋಂದಾಯಿಸುವುದು ಸರಕಾರದ ಕೆಲಸ, ರದ್ದು ಮಾಡುವುದು ಕೋರ್ಟಿನ ಕೆಲಸ, ಸ್ಥಳಾಂತರಿಸುವ ಅಧಿಕಾರ ಖಾಸಗಿಯವರಿಗೆ ಯಾವ ಆದೇಶದಲ್ಲಿ ಬಂದಿದೆ ಎಂದು ಗದರಿಸಿದ. ಅಂಬರೀಶ ಬೆವತು ರೊಟ್ಟಿಗೆ ಕೈಹಾಕಿದ. ತಿರುಪತಿ ಅದನ್ನು ತಡೆದು, ಬಾಗಿಲು ಮುಂದಕ್ಕೆಳೆದು, ತನ್ನ ಮದುವೆಯ ವಿಡಿಯೋ ತೆಗೆದವರೂ ನೀವೇ ಎಂದು ನೆನಪಿಸಿದ.

"ಅದನ್ನೂ ಇಡಿಯಾಗಿ ಇಡ್ರಿ," ಎಂದ ದನಿ ತಗ್ಗಿಸಿ. "ಆಫೀಸಿನ್ಯಾಗ ಹೇಳಬ್ಯಾಡ್ರಿ."

ಇಷ್ಟಾಗುವ ಹೊತ್ತಿಗೆ ಅಂಬರೀಶನ ನಡಿಗೆಯೇ ಬದಲಾಗಿತ್ತು. ಸಂಘಮಿತ್ರಾ ಫೋನು ಮಾಡಿದರೆ ಈಗ ಜನ ಇದ್ದಾರೆ ಆಮೇಲೆ ಮಾಡು ಅನ್ನುತ್ತಿದ್ದ. ಆದರೂ ಕೆಲಸ ಸಾಗಿತ್ತು ಎಂಬುದು ಸತ್ಯ. ಒಂದೊಂದೇ ಮದುವೆ ಹಳೆಯ ಪೆಟ್ಟಿಗೆಯಿಂದ ಹೊಸ ಡಿಸ್ಕುಗಳಿಗೆ ಇಳಿಯುತ್ತಿತ್ತು. ಹೊಸದಕ್ಕೆ ಬಂದದ್ದನ್ನು ತೆರೆದು ನೋಡಿ, ಹಳೆಯದರಿಂದ ಅಳಿಸುತ್ತಿದ್ದ. ಹಳೆಯದು ಖಾಲಿಯಾದ ಮೇಲೆ ಆ ಜೋಡಣೆ ಬಿಚ್ಚಿ, ಗಟ್ಟಿ ಇದ್ದ ಡಿಸ್ಕುಗಳನ್ನು ಬೇರೆ ಕೆಲಸಕ್ಕೆ ಹಚ್ಚುವುದೆಂದು ಸಂಘಮಿತ್ರಾ ಹೇಳಿದ್ದಳು.

ಖಾಲಿ ಎಂಬ ಮಾತು ಅವನ ತಾಯಿ ಪಾರ್ವತೆಮ್ಮನ ಕಿವಿಗೆ ಬಿದ್ದದ್ದು ಶನಿವಾರ ಊಟದ ಹೊತ್ತಿಗೆ. ಅವಳು ಸಾರಿನ ಬಟ್ಟಲು ಕೆಳಗಿಟ್ಟಳು. ಅವಳ ಹುಟ್ಟಿದೂರಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಒಂದು ಹಗೇವಿನಿಂದ ಇನ್ನೊಂದಕ್ಕೆ ಕಾಳು ಸಾಗಿಸುವಾಗ ಎಷ್ಟೇ ಬಳಿದರೂ ತಳದಲ್ಲಿ ಒಂದು ಹಿಡಿ ಬಿಡಲೇಬೇಕು. ಪೂರ್ತಿ ಬರಿದು ಮಾಡಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ.

"ಇಷ್ಟು ವರ್ಷ ಅನ್ನ ಹಾಕಿದ ಪೆಟಿಗಿ ಅದು. ಒಂದು ಹಿಡಿ ಬಿಡೋ ತಮ್ಮಾ. ನಮ್ಮವ್ವ ಬಿಡತಿದ್ಲು, ನಾ ಬಿಟ್ಟೀನಿ. ನೀ ಏನು ಮ್ಯಾಲಿಂದ ಉದುರೀಯೇನು?"

ಅಂಬರೀಶ ಮಜ್ಜಿಗೆ ಕುಡಿಯುತ್ತ ಯೋಚಿಸಿದ. ಬಿಡುವುದೇನೋ ಸರಿ, ಆದರೆ ಯಾರ ಮದುವೆ? ಗಿರಾಕಿಯ ಮದುವೆಯನ್ನು ಕೆಡುವ ಡಿಸ್ಕಿನಲ್ಲಿ ಬಿಡುವುದು ಧರ್ಮವಲ್ಲ. ಹೀಗೆ ತಾಯಿಯ ಮಾತನ್ನೂ ಗಿರಾಕಿಯ ನಂಬಿಕೆಯನ್ನೂ ಒಟ್ಟಿಗೆ ಕಾಪಾಡಿದ ಅವನು, ತನ್ನ ಸ್ವಂತ ಮದುವೆಯೊಂದನ್ನು ಹಳೆಯ ಪೆಟ್ಟಿಗೆಯ ತಳದಲ್ಲಿ ಬಿಟ್ಟ. ಹೇಗೂ ಕತ್ತರಿ ಕಾಣದ ಮದುವೆ.

ಭಾನುವಾರ ಹಳೆಯ ಜೋಡಣೆ ಬಿಚ್ಚುವ ದಿನ. ಅದನ್ನೊಂದು ಸಮಾರಂಭ ಮಾಡದೆ ಅಂಬರೀಶನಿಗೆ ಸಮಾಧಾನವಿರಲಿಲ್ಲ. ರಾಮಣ್ಣ ಪೋತ್ನಾಳದಿಂದ ಬಂದ, ತಿರುಪತಿ ರಜೆಯ ದಿನವೆಂದು ಲುಂಗಿಯಲ್ಲಿ ಬಂದ, ಅನ್ವರಿ ಬೇಗಮರು ಕುರ್ಚಿ ಕೊಟ್ಟರು. ಎಲ್ಲ ಹೊಸದಕ್ಕೆ ಬಂದ ಮೇಲೆ ಇಂದಾದರೂ ಗಂಡ ತಮ್ಮ ಮದುವೆ ತೋರಿಸುತ್ತಾನೆಂದು ನಾಗವೇಣಿ ತಾಯಿಗೆ ಹೇಳಿಕಳಿಸಿದ್ದಳು. ಕರೆಮ್ಮ ಅರಕೇರಾದಿಂದ ಮೊದಲ ಬಸ್ಸಿಗೆ ಹೊರಟು, ದೇವದುರ್ಗದಲ್ಲಿ ಬಸ್ಸು ಬದಲಿಸಿ, ಹೊಸ ಇಳಕಲ್ ಸೀರೆಯಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಟಿವಿಗೆ ಮುಖ ಮಾಡಿ ಕುಳಿತಿದ್ದಳು.

ಎಲ್ಲರಿಗೂ ಕೇಳಲೆಂದು ಅಂಬರೀಶ ಫೋನಿನ ದನಿ ಏರಿಸಿ ಪೆಟ್ಟಿಗೆಯ ಮೇಲಿಟ್ಟ.

"ಅಣ್ಣಾ, ಹಳೇದು ಪೂರಾ ಖಾಲಿ ಆಗ್ಯದಿಲ್ಲ?" ಸಂಘಮಿತ್ರಾ ಕೇಳಿದಳು. "ಏನೂ ಉಳಿದಿಲ್ಲಲ್ಲ?"

"ಖಾಲಿ. ಒಂದೂ ಉಳಿದಿಲ್ಲ."

ಅವನು ಸುಳ್ಳು ಹೇಳಲಿಲ್ಲ ಎಂಬುದನ್ನು ಇಲ್ಲಿ ಅವನ ಪರವಾಗಿ ಹೇಳಬೇಕು. ಹಗೇವು ಖಾಲಿಯಾಯಿತೇ ಎಂದು ಯಾರಾದರೂ ಕೇಳಿದರೆ ಆ ಸೀಮೆಯಲ್ಲಿ ತಳದ ಹಿಡಿಯನ್ನು ಯಾರೂ ಎಣಿಸುವುದಿಲ್ಲ. ಅದು ಕಾಳಲ್ಲ, ಲಕ್ಷ್ಮಿ. ಖಾಲಿ ಎಂದೇ ಹೇಳುತ್ತಾರೆ.

ಯಂತ್ರಕ್ಕೆ ಆ ರೂಢಿ ಗೊತ್ತಿರಲಿಲ್ಲ. ಇದರೊಳಗೆ ಇನ್ನೂ ಸಾಮಾನು ಇರಬಹುದು, ನಿಜವಾಗಿ ಬಿಚ್ಚಲೇ ಎಂದು ಅದು ಪರದೆಯ ಮೇಲೆ ಕೇಳಿತು. ಇಷ್ಟು ಜನರ ಮುಂದೆ ಒಂದು ಪೆಟ್ಟಿಗೆ ತನ್ನನ್ನು ಪ್ರಶ್ನಿಸುವುದೇ? ಅಂಬರೀಶ ತೋರುಬೆರಳನ್ನು ಎತ್ತಿ, ಎಲ್ಲರೂ ನೋಡುವಷ್ಟು ಹೊತ್ತು ಗಾಳಿಯಲ್ಲಿ ನಿಲ್ಲಿಸಿ, ಹೌದು ಎಂದು ಒತ್ತಿದ. ರಾಮಣ್ಣ ಹೊಸ್ತಿಲ ಮೇಲೆ ಕಾಯಿ ಒಡೆದ. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತ ಮೇಲೆ ಕರೆಮ್ಮ ಸೆರಗು ಸರಿಮಾಡಿಕೊಂಡಳು.

"ಅಳಿಯಪ್ಪಾ, ಈಗ ನಮ್ಮದು ಹಚ್ಚು."

ಅಂಬರೀಶ ಹೊಸ ಡಿಸ್ಕಿನ ಕಡೆ ನೋಡಿದ. ಹಳೆಯ ಪೆಟ್ಟಿಗೆಯ ಕಡೆ ನೋಡಿದ. ಆಮೇಲೆ ತಾಯಿಯ ಕಡೆ ನೋಡಿದ. ಪಾರ್ವತೆಮ್ಮನಿಗೆ ಏನೂ ತಿಳಿದಿರಲಿಲ್ಲ. ಮಗ ತನ್ನ ಮಾತು ನಡೆಸಿದ್ದಾನೆಂಬ ಹೆಮ್ಮೆಯಲ್ಲಿ, ಹಿಡಿ ಬಿಟ್ಟೆಯಿಲ್ಲ, ಯಾರದು ಬಿಟ್ಟೆ ಎಂದು ಎಲ್ಲರ ಮುಂದೆ ಕೇಳಿದಳು. ಅವನು ಹೇಳಬೇಕಾಯಿತು. ಫೋನಿನೊಳಗಿದ್ದ ಸಂಘಮಿತ್ರಾಗೂ ಅದು ಕೇಳಿಸಿತು.

ನಾಗವೇಣಿ ಕೂಗಾಡಲಿಲ್ಲ.

"ಊರಿನವರ ಸಂಸಾರೆಲ್ಲಾ ಇಡಿಯಾಗಿ ಇಟ್ರಿ," ಎಂದಳು. "ನಮ್ಮದು ತಳಕ್ಕ ಬಿಟ್ರಿ."

"ಅಣ್ಣಾ," ಎಂದಿತು ಫೋನು, "ಕೀಬೋರ್ಡಿನ ಮ್ಯಾಲಿಂದ ಕೈ ತಗಿ. ಏನೂ ಒತ್ತಬ್ಯಾಡ, ಏನೂ ಸರಿ ಮಾಡಾಕ ಹೋಗಬ್ಯಾಡ. ನಾ ಬಸ್ ಹತ್ತಾಕತ್ತೀನಿ."

ಏನೂ ಮಾಡದೆ ಇರುವುದು ಅಂಬರೀಶನಿಗೆ ಯಾವತ್ತೂ ಆಗದ ಕೆಲಸ. ಅವನ ಬೆರಳುಗಳು ತಾವಾಗಿಯೇ ಮುಂದೆ ಹೋಗುತ್ತಿದ್ದವು. ಅನ್ವರಿ ಬೇಗಮರು ಹೊಲಿಯದ ಜಂಪರಿನ ಬಟ್ಟೆಯನ್ನು ಕೀಬೋರ್ಡಿಗೆ ಹೊದಿಸಿ, ಅದರ ಮೇಲೆ ತಮ್ಮ ದೊಡ್ಡ ಕತ್ತರಿಯನ್ನು ಇಟ್ಟು, ಮುಟ್ಟಿ ನೋಡು ಬೇಟಾ ಅಂದರು. ಅವನು ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತ.

ಜನ ಏಳಲಿಲ್ಲ. ಏಳುವಂಥ ಹೊತ್ತೂ ಅಲ್ಲ. ರಾಮಣ್ಣ ಮಂಡಾಳು ಅಂದರೆ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ತರಿಸಿದ. ಅಂಬರೀಶನಿಂದ ಸಂಸಾರ ಸರಿಮಾಡಿಸಿಕೊಂಡು ಹೋದವರೆಲ್ಲ ಈಗ ಅವನಿಗೆ ಬುದ್ಧಿ ಹೇಳಿದರು. ತಿರುಪತಿ, ವಿಡಿಯೋ ಹೋದರೂ ಸಾಕ್ಷಿಗಳಿದ್ದರೆ ಮದುವೆ ಊರ್ಜಿತ ಎಂದು ಧೈರ್ಯ ಕೊಟ್ಟ. ಸಾಕ್ಷಿ ಎಂಬ ಮಾತು ಕೇಳಿ ಕರೆಮ್ಮ ಕುರ್ಚಿಯಲ್ಲೇ ತಿರುಗಿ, ಆ ಮದುವೆಗೆ ಬಂದಿದ್ದವರು ಯಾರಾದರೂ ಇಲ್ಲಿದ್ದೀರಾ, ತಾಳಿ ಕಟ್ಟಿದ್ದು ಹೇಗಿತ್ತು ಎಂದು ವಿಚಾರಿಸಿದಳು. ರಾಮಣ್ಣ ಬಂದಿದ್ದ. ಅವನು ಹಣೆಗೆ ಕೈಯಿಟ್ಟು ನೆನಪಿಸಿಕೊಂಡ. ಆ ಹೊತ್ತಿಗೆ ತಾನು ಮೊದಲ ಪಂಕ್ತಿಯಲ್ಲಿದ್ದೆ, ತಾಳಿ ಕಾಣಲಿಲ್ಲ, ಆದರೆ ಅಂಥ ಬದನೆಕಾಯಿ ಪಲ್ಯ ಆಮೇಲೆ ಎಲ್ಲಿಯೂ ಉಣ್ಣಲಿಲ್ಲ ಎಂದ.

"ಅದು ನಾನೇ ಮಾಡಿದ್ದು," ಎಂದಳು ಕರೆಮ್ಮ, ಮತ್ತೆ ಟಿವಿಯ ಕಡೆ ತಿರುಗಿ.

ಸಂಘಮಿತ್ರಾ ಬಂದಾಗ ಬಿಸಿಲು ಇಳಿದಿತ್ತು. ಕತ್ತರಿ ತೆಗೆದಳು, ಬಟ್ಟೆ ತೆಗೆದಳು, ಪಾರ್ವತೆಮ್ಮನಿಗೆ ತಿಳಿಯುವ ಹಾಗೆ ಹೇಳಿದಳು. ಅಣ್ಣ ಕಿತ್ತದ್ದು ಬದುವನ್ನು ಮಾತ್ರ, ಹೊಲದ ಮಣ್ಣು ಇದ್ದಲ್ಲೇ ಇದೆ. ಬದು ಎಲ್ಲೆಲ್ಲಿ ಇದ್ದವೆಂದು ಯಂತ್ರ ನೆನಪಿಟ್ಟಿರುತ್ತದೆ, ಅಲ್ಲೇ ಮತ್ತೆ ಹಾಕಿದರೆ ಆಯಿತು. ಆದರೆ ಅಣ್ಣ ಅದರ ಮೇಲೆ ಹೊಸದೇನಾದರೂ ಬಿತ್ತಿದ್ದರೆ ದೇವರೂ ತೆಗೆದುಕೊಡುತ್ತಿರಲಿಲ್ಲ. ಅಂಬರೀಶ ತೊಡೆಯ ಕೆಳಗಿನ ಕೈಗಳನ್ನು ಮೊದಲ ಸಲ ಗೌರವದಿಂದ ನೋಡಿಕೊಂಡ. ಅವಳು ಒಂದಷ್ಟು ಹೊತ್ತು ಏನೇನೋ ಒತ್ತಿದಳು. ಹಳೆಯ ಜೋಡಣೆ ಎದ್ದು ನಿಂತಿತು. ತಳದಲ್ಲಿ ಹಿಡಿ ಹಾಗೇ ಇತ್ತು. ಯಾರನ್ನೂ ಕೇಳದೆ ಅದನ್ನು ಮೊದಲು ಹೊಸದಕ್ಕೆ ಸಾಗಿಸಿ, ಆಮೇಲೆ ಟಿವಿಗೆ ಹಚ್ಚಿದಳು.

ಆಗ ಅಂಬರೀಶನಿಗೆ ಇದ್ದಕ್ಕಿದ್ದಂತೆ ಕರೆಂಟಿನ ಚಿಂತೆ ಹತ್ತಿತು. ಇದಿನ್ನೂ ಕತ್ತರಿಸಿಲ್ಲ, ಹಾಡು ಹಾಕಿಲ್ಲ, ಒಂದು ತಿಂಗಳು ಕೊಡಿ ಎಂದ. ಯಾರೂ ಕೊಡಲಿಲ್ಲ.

ಸ್ವಂತ ಮದುವೆಯಲ್ಲಿ ಕ್ಯಾಮೆರಾ ಹಿಡಿಯಲಾಗದೆ ಅವನು ಅದನ್ನು ಸಿರವಾರದ ಗೆಳೆಯ ಅಯ್ಯಪ್ಪನ ಕೈಗೆ ಕೊಟ್ಟಿದ್ದ. ಕೊಟ್ಟದ್ದು ಕ್ಯಾಮೆರಾ ಮಾತ್ರ, ಅಧಿಕಾರವನ್ನಲ್ಲ ಎಂಬುದು ಟಿವಿಯಲ್ಲಿ ಮೊದಲ ನೋಟಕ್ಕೇ ತಿಳಿಯಿತು. ಬಾಸಿಂಗ ಕಟ್ಟಿದ ಮದುಮಗ ಪ್ರತಿ ಚೌಕಟ್ಟಿನಲ್ಲೂ ಕ್ಯಾಮೆರಾವನ್ನೇ ನೋಡುತ್ತಿದ್ದ. ಅರಿಷಿಣದ ಕೈಯಿಂದ ಮೇಲೆ ಅನ್ನುತ್ತಿದ್ದ, ಕೆಳಗೆ ಅನ್ನುತ್ತಿದ್ದ. ಮಂತ್ರದ ನಡುವೆ, ಬೆಳಕು ಹಿಂದ ಅದ ಅಯ್ಯಪ್ಪಾ, ಎಂಬ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಸ್ಟುಡಿಯೋದಲ್ಲಿ ಒಬ್ಬಿಬ್ಬರು ಕೆಮ್ಮಿದರು.

ಗಟ್ಟಿಮೇಳ ಬಿತ್ತು. ಕರೆಮ್ಮ ಮುಂದೆ ಬಾಗಿದಳು. ನಾಗವೇಣಿ ತಲೆ ತಗ್ಗಿಸಿ ಕುಳಿತಿದ್ದಾಳೆ, ಅಕ್ಷತೆ ಸುರಿಯುತ್ತಿದೆ, ಮದುಮಗ ತಾಳಿಯನ್ನು ಕೊರಳ ತನಕ ಒಯ್ದಿದ್ದಾನೆ. ಅಷ್ಟರಲ್ಲಿ ಅಯ್ಯಪ್ಪ ಎಲ್ಲೋ ತಪ್ಪಿರಬೇಕು. ಮದುಮಗ ಒಂದು ಕೈ ಬಿಟ್ಟ, ಎರಡನೆಯದನ್ನೂ ಬಿಟ್ಟ. ಎರಡೂ ಕೈಗಳನ್ನು ಗಾಳಿಯಲ್ಲೆತ್ತಿ, ಹತ್ತಿರ ಬಾ, ಹತ್ತಿರ ಬಾ ಎಂದು ಚೌಕ ಮಾಡಿ ತೋರಿಸಿದ. ಹಿಂದಿನಿಂದ ಬೇರೆ ಎರಡು ಕೈ ಬಂದವು. ಒಂದರಲ್ಲಿ ಹಸಿರು ಬಳೆ, ಇನ್ನೊಂದರಲ್ಲಿ ಗಡಿಯಾರ. ಬೀಳುತ್ತಿದ್ದ ದಾರವನ್ನು ಹಿಡಿದು ಒಂದು ಗಂಟು ಹಾಕಿದವು. ಎರಡು ಹಾಕಿದವು. ಮೂರೂ ಹಾಕಿದವು. ಅಯ್ಯಪ್ಪ ವಿಧೇಯನಾಗಿ ಹತ್ತಿರ ಬಂದು ಅದನ್ನೆಲ್ಲ ಸವಿಸ್ತಾರವಾಗಿ ತೆಗೆದಿದ್ದ.

ಎಲ್ಲರೂ ಅದೇ ಗಡಿಯಾರ ಕಟ್ಟಿದ್ದ ಸಂಘಮಿತ್ರಾಳ ಕಡೆ ತಿರುಗಿದರು. ಅವಳು ಗಡಿಯಾರದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಅಣ್ಣ ಸ್ವಲ್ಪ ಹಿಡಿದುಕೋ ಅಂದಿದ್ದ, ಬೀಳುತ್ತದಲ್ಲ ಎಂದು ಕಟ್ಟಿದೆ ಎಂದಳು. ಆರು ವರ್ಷ ಮಳೆ ಯಾಕೆ ಹಿಡಿಯಲಿಲ್ಲ ಎಂಬುದು ನಾಗವೇಣಿಗೆ ಅರ್ಥವಾಯಿತು. ಅಂಬರೀಶ ಟಿವಿಯ ಹಿಂದಿನ ವೈರನ್ನು ಬಹಳ ಆಸ್ಥೆಯಿಂದ ಪರೀಕ್ಷಿಸುತ್ತಿದ್ದ.

ಕರೆಮ್ಮ ಮಾತ್ರ ನಿರಾಳವಾಗಿ ಬೆನ್ನು ಒರಗಿಸಿದಳು. ಬೆಳಗಿನಿಂದ ಅವಳು ಬೆನ್ನು ಒರಗಿಸಿರಲಿಲ್ಲ.

"ಹಂಗಾರ ನಾ ನೋಡೋದು ಏನೂ ತಪ್ಪಿಲ್ಲ," ಎಂದಳು. "ಅಳಿಯಪ್ಪ ಇನ್ನಾ ಕಟ್ಟೇ ಇಲ್ಲ. ಕಟ್ಟು, ನೋಡ್ತೀನಿ."

ಪಾರ್ವತೆಮ್ಮ ಬೀಗತಿಯ ಮಾತಿಗೆ ಕೂಡಲೇ ಎದ್ದಳು. ಬೇಗಮರು ಗಟ್ಟಿ ನೂಲು ಕೊಟ್ಟರು, ಪಾರ್ವತೆಮ್ಮ ಅದಕ್ಕೆ ಅರಿಷಿಣ ಹಚ್ಚಿ ಒಂದು ಅರಿಷಿಣದ ಕೊಂಬು ಕಟ್ಟಿದಳು. ನಾಗವೇಣಿಯನ್ನು ಸ್ಟೂಲಿನ ಮೇಲೆ ಕೂರಿಸಿದರು. ತಿರುಪತಿ ಚಪ್ಪಲಿ ಬಿಟ್ಟು ನಿಂತ. ಅಕ್ಷತೆ ಇರಲಿಲ್ಲ, ರಾಮಣ್ಣ ಉಳಿದ ಮಂಡಾಳನ್ನೇ ಎಲ್ಲರ ಕೈಗೆ ಹಂಚಿದ. ಅಂಬರೀಶ ದಾರ ಹಿಡಿದು ಹೆಂಡತಿಯ ಹಿಂದೆ ನಿಂತಾಗ ಅವನ ಕಣ್ಣು ಮೂಲೆಯ ಕ್ಯಾಮೆರಾದ ಕಡೆ ಹೊರಳಿತು. ಇಷ್ಟು ಜನ, ಇಷ್ಟು ಒಳ್ಳೆಯ ಸಂಜೆಯ ಬೆಳಕು.

"ಎರಡೂ ಕೈ ಬೇಕಾಗ್ತಾವ್ರಿ," ಎಂದಳು ನಾಗವೇಣಿ ತಲೆಯೆತ್ತದೆ.

ಗಂಟು ಹಾಕುವುದು ಅವನಿಗೆ ಬರುತ್ತಿರಲಿಲ್ಲ. ಮೊದಲನೆಯದು ಬಿಚ್ಚಿಕೊಂಡಿತು. ಸಂಘಮಿತ್ರಾಳ ಕೈ ಮುಂದೆ ಬಂತು. ಕರೆಮ್ಮ ಕುಳಿತಲ್ಲಿಂದಲೇ ಅದರ ಮೇಲೊಂದು ಏಟು ಕೊಟ್ಟಳು. ಅವನು ನಾಲಿಗೆ ಕಚ್ಚಿಕೊಂಡು, ಬಾಗಿ, ಮೂಗು ಹೆಂಡತಿಯ ತುರುಬಿಗೆ ತಾಗುವಷ್ಟು ಹತ್ತಿರದಿಂದ ನೋಡಿ ನೋಡಿ ಮೂರೂ ಗಂಟು ಹಾಕಿದ. ಮಂಡಾಳು ಬಿತ್ತು. ಅವನು ಬೆವರೊರೆಸಿಕೊಂಡು ಅತ್ತೆಯ ಕಡೆ ನೋಡಿದ.

ಕರೆಮ್ಮ ಕುತ್ತಿಗೆ ಆಚೆ ಈಚೆ ಮಾಡುತ್ತಿದ್ದಳು.

"ನಿನ್ನ ತಲಿ ಅಡ್ಡ ಬಂತು ಅಳಿಯಪ್ಪಾ, ಏನೂ ಕಾಣಲಿಲ್ಲ," ಎಂದಳು. "ಬಿಚ್ಚು. ಆ ಕಡೆ ನಿಂತು ಇನ್ನೊಮ್ಮೆ ಕಟ್ಟು."

ಅಂಬರೀಶ ಗಂಟು ಬಿಚ್ಚಿ, ಅತ್ತೆಗೆ ಅಡ್ಡವಾಗದ ಹಾಗೆ ಬಾಗಿಲಿನ ಕಡೆ ಸರಿದು, ಬೆಳಕಿಗೆ ಮುಖ ಮಾಡಿ ನಿಂತ.